ಪರಸ್ಥಳದಲ್ಲಿ ಓದುವ ಮಕ್ಕಳಿಗೆ ಮನೆಯ ಬುತ್ತಿ

ಸುಗ್ಗಿ ಮುಗಿದು ರಾಶಿಯು ಕಣದಲ್ಲಿ ಬಿದ್ದ ಮೇಲೆ ಪ್ರತಿಯೊಬ್ಬ ಬೇಸಾಯಗಾರನೂ ಅದನ್ನು ಕೆಲವು ಭಾಗಗಳಾಗಿ ವಿಂಗಡಿಸುವುದುಂಟು. ಬಿತ್ತನೆಯ ಬೀಜಕ್ಕೆಂದು ಒಂದು ಭಾಗ, ಮನೆಯವರ ವರ್ಷದ ಗ್ರಾಸಕ್ಕೆಂದು ಒಂದು ಭಾಗ, ಹಬ್ಬಹರಿದಿನಗಳಿಗೂ ನೆಂಟರಿಷ್ಟರಿಗೂ ಒಂದು ಭಾಗ, ಉಳಿದದ್ದು ಮಾರಾಟಕ್ಕೆ. ಆದರೆ ಮನೆಯನ್ನು ಬಿಟ್ಟು ಪಟ್ಟಣದ ಕಾಲೇಜಿನಲ್ಲಿ ಓದುತ್ತಿರುವ ಮಗನ ಅಥವಾ ಮಗಳ ಊಟಕ್ಕೆಂದು ಈ ರಾಶಿಯಿಂದ ಒಂದು ಭಾಗವನ್ನು ತೆಗೆದಿಡುವ ವಾಡಿಕೆಯು ಬಹಳ ಮನೆಗಳಲ್ಲಿ ಇಲ್ಲ. ನಿಲಯಕ್ಕೆ ಹಣ ಕಟ್ಟಿದ ಮೇಲೆ ಊಟದ ಚಿಂತೆ ತೀರಿತೆಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆಯು ಸರಿಯಲ್ಲವೆಂದೂ, ಹೊಲದ ಅತ್ಯಲ್ಪ ಭಾಗದ ಹುಟ್ಟುವಳಿಯಿಂದಲೇ ನಿಲಯದ ಊಟದ ಕೊರತೆಯನ್ನು ಬಹುಮಟ್ಟಿಗೆ ತುಂಬಬಹುದೆಂದೂ ತಿಳಿಸುವುದೇ ಈ ಲೇಖನದ ಉದ್ದೇಶ.

ಸಂತೆಬಾಚಹಳ್ಳಿ ಹೋಬಳಿಯ ಸ್ಥಿತಿ

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ಹೇಮಾವತಿಯ ನೀರು ತಲಪುವ ಭೂಮಿಯಲ್ಲಿ ಭತ್ತ, ಕಬ್ಬುಗಳೂ, ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು ಮುಂತಾದ ಬೆಳೆಗಳೂ ಬರುತ್ತವೆ. ಹೆಸರಿನಲ್ಲಿಯೇ ಸಂತೆಯನ್ನುಳ್ಳ ಸಂತೆಬಾಚಹಳ್ಳಿಯು ಈ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಸ್ಥಳ. ಇಲ್ಲಿನ ಗ್ರಾಮಗಳ ಮಕ್ಕಳು ಪ್ರೌಢಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿ ಕೃಷ್ಣರಾಜಪೇಟೆ, ಮಂಡ್ಯ, ಮೈಸೂರು, ಹಾಸನ, ಬೆಂಗಳೂರುಗಳಿಗೆ ಹೋಗಿ ಓದುತ್ತಾರೆ. ಕೆಲವರು ಸರ್ಕಾರದ ಅಥವಾ ಧರ್ಮಸಂಸ್ಥೆಗಳ ವಿದ್ಯಾರ್ಥಿನಿಲಯಗಳಲ್ಲಿ ಇರುತ್ತಾರೆ. ಕೆಲವರು ಹಣ ಕಟ್ಟಿ ಖಾಸಗಿ ನಿಲಯಗಳನ್ನು ಸೇರುತ್ತಾರೆ. ಇನ್ನು ಕೆಲವರು ಮೂವರು ನಾಲ್ವರು ಕೂಡಿ ಒಂದು ಕೊಠಡಿಯನ್ನು ಬಾಡಿಗೆಗೆ ಹಿಡಿಯುತ್ತಾರೆ. ಅನೇಕ ಮನೆಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಇವರೇ ಮೊದಲಿಗರು. ಇವರ ಓದು ಅರ್ಧಕ್ಕೆ ನಿಂತರೆ ಆಗುವ ನಷ್ಟವು ಒಂದು ವರ್ಷದ ಬೆಳೆ ಕೆಟ್ಟ ನಷ್ಟಕ್ಕಿಂತ ದೊಡ್ಡದು.

ಹಿಂದಿನ ಏರ್ಪಾಡು

ಪರಸ್ಥಳದಲ್ಲಿ ಓದುವವರ ಊಟದ ಪ್ರಶ್ನೆಯು ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯವು ೧೯೧೬ರಲ್ಲಿ ಸ್ಥಾಪಿತವಾಗುವುದಕ್ಕೆ ಮುಂಚಿನಿಂದಲೂ ಹಳ್ಳಿಯ ಬಡ ಹುಡುಗರು ಪಟ್ಟಣಗಳಲ್ಲಿ ವಾರಾನ್ನ ಮಾಡಿ ಓದುವ ಪದ್ಧತಿಯಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ, ಹೀಗೆ ವಾರದ ಏಳು ದಿನಗಳಿಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು ಉಣ್ಣುವುದೇ ವಾರಾನ್ನ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ಈ ಸೌಕರ್ಯವಾದರೂ ಎಲ್ಲ ಜಾತಿಯ ಮಕ್ಕಳಿಗೂ ದೊರೆಯುತ್ತಿರಲಿಲ್ಲ. ಈ ಕೊರತೆಯನ್ನು ಕಂಡು ಅನೇಕ ಸಂಘಗಳೂ ಮಠಗಳೂ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದವು. ತುಮಕೂರಿನ ಬಳಿಯ ಸಿದ್ಧಗಂಗಾ ಮಠದಲ್ಲಿ ಸಹಸ್ರಾರು ಮಕ್ಕಳು ದಿನಂಪ್ರತಿ ಊಟಮಾಡಿ ಓದುವ ಏರ್ಪಾಡು ನಾಡಿಗೆಲ್ಲ ತಿಳಿದಿದೆ. ಅಲ್ಲಿಗೆ ರೈತರು ತಮ್ಮ ಬೆಳೆಯ ಒಂದು ಪಾಲನ್ನು ಒಪ್ಪಿಸುವುದೂ ಉಂಟು.

ಸರ್ಕಾರವೂ ಹಲವು ವರ್ಗಗಳ ವಿದ್ಯಾರ್ಥಿಗಳಿಗೆ ನಿಲಯಗಳನ್ನು ನಡೆಸುತ್ತಿದೆ. ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗಾಗಿ ವಿದ್ಯಾಸಿರಿ ಎಂಬ ಯೋಜನೆಯು ೨೦೧೩–೧೪ನೇ ಸಾಲಿನಲ್ಲಿ ಆರಂಭವಾಯಿತು. ಆರಂಭದಲ್ಲಿ ನಿಗದಿಯಾದ ಮೊತ್ತವು ತಿಂಗಳಿಗೆ ೧,೫೦೦ ರೂಪಾಯಿಯಂತೆ ೧೦ ತಿಂಗಳದ್ದು. ಅಂದರೆ ದಿನವೊಂದಕ್ಕೆ ೫೦ ರೂಪಾಯಿ. ಅದರಲ್ಲಿಯೇ ಊಟವೂ ಆಗಬೇಕು, ಬಾಡಿಗೆಯೂ ಆಗಬೇಕು. ಇಂತಹ ಸಹಾಯವು ದೊಡ್ಡ ಉಪಕಾರವೇ ಸರಿ. ಆದರೂ ಅದರ ಜೊತೆಗೆ ಮನೆಯ ಧಾನ್ಯವು ಸೇರಿದಲ್ಲದೆ ಹೊಟ್ಟೆ ತುಂಬಲಾರದೆಂಬುದನ್ನು ಲೆಕ್ಕ ಬಲ್ಲವರು ಯಾರಾದರೂ ತಿಳಿಯಬಹುದು.

ನಿಲಯದ ಊಟದ ಗುಣದೋಷಗಳು

ನಿಲಯದ ಊಟವನ್ನು ಹೀನಾಯವಾಗಿ ಕಾಣಬೇಕಾದುದಿಲ್ಲ. ನೂರಾರು ಮಂದಿಗೆ ಗೊತ್ತಾದ ವೇಳೆಗೆ ಬಿಸಿಯಾದ ಅನ್ನವನ್ನು ಬಡಿಸುವುದು ಸುಲಭವಲ್ಲ. ಆದರೆ ಅಲ್ಪ ವೆಚ್ಚದಲ್ಲಿ ಬಹುಮಂದಿಗೆ ಬೇಯಿಸುವ ಕಡೆಗಳಲ್ಲಿ ಸಾಮಾನ್ಯವಾಗಿ ಮೂರು ದೋಷಗಳು ಕಂಡುಬರುತ್ತವೆ. ಮೊದಲನೆಯದಾಗಿ, ಎರಡು ಹೊತ್ತೂ ನಯಮಾಡಿದ ಬಿಳಿ ಅಕ್ಕಿಯ ಅನ್ನವೇ ಊಟದ ಬಹುಭಾಗವಾಗಿರುತ್ತದೆ. ಎರಡನೆಯದಾಗಿ, ಬೇಳೆ ಮತ್ತು ಕಾಳುಗಳ ಬೆಲೆ ಹೆಚ್ಚಾದಷ್ಟೂ ಸಾರು ತಿಳಿಯಾಗುತ್ತದೆ. ಮೂರನೆಯದಾಗಿ, ಸೊಪ್ಪನ್ನು ಬಿಡಿಸಿ ತೊಳೆಯುವ ಶ್ರಮದ ಕಾರಣ ಸೊಪ್ಪು ಅಪರೂಪವಾಗುತ್ತದೆ. ಹಣ್ಣಂತೂ ಬಾಳೆಹಣ್ಣಿಗೆ ಸೀಮಿತ.

ಇದಲ್ಲದೆ ವಿದ್ಯಾರ್ಥಿಗಳ ಕಡೆಯಿಂದಲೂ ತಪ್ಪುಗಳಾಗುತ್ತವೆ. ಬೆಳಗಿನ ತರಗತಿಗೆ ಹೊತ್ತಾಯಿತೆಂದು ಉಪಾಹಾರವನ್ನು ಬಿಡುವುದು, ಹನ್ನೊಂದು ಗಂಟೆಗೆ ಹಸಿವಾದಾಗ ಕಾಫಿ ಟೀಗಳಿಂದ ಅದನ್ನು ಅಡಗಿಸುವುದು, ಸಾಯಂಕಾಲ ಬೇಕರಿಯ ಪಫ್ಸು, ಬನ್ನು, ಕರಿದ ತಿಂಡಿಗಳಿಗೆ ಹಣ ಸುರಿಯುವುದು, ರಾತ್ರಿ ಪೊಟ್ಟಣದ ನೂಡಲ್ಸಿನಿಂದ ಹೊಟ್ಟೆ ತುಂಬಿಸುವುದು, ಇವು ಪ್ರತಿ ಪಟ್ಟಣದಲ್ಲಿಯೂ ಕಾಣುವ ನಡವಳಿಕೆಗಳು. ಹೀಗೆ ತಿಂದದ್ದರಲ್ಲಿ ಮೈದಾ, ಎಣ್ಣೆ, ಸಕ್ಕರೆ, ಉಪ್ಪುಗಳು ಮಿತಿಮೀರಿ ಸೇರುತ್ತವೆಯೇ ಹೊರತು ಶರೀರವನ್ನು ಕಟ್ಟುವ ವಸ್ತುಗಳು ಸಾಲವು. ರಾಗಿ, ಹುರುಳಿಗಳನ್ನು ಬೆಳೆದು ಮಾರಿದ ಹಣದಿಂದಲೇ ಮಕ್ಕಳು ಮೈದಾದ ತಿಂಡಿಗಳನ್ನು ಕೊಳ್ಳುವುದು ಎರಡು ಬಗೆಯ ನಷ್ಟ.

ಶರೀರಕ್ಕೆ ಬೇಕಾದುದೆಷ್ಟು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯೂ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯೂ ೨೦೨೦ರಲ್ಲಿ ಗೊತ್ತುಪಡಿಸಿದ ಪ್ರಮಾಣಗಳ ಮೇರೆಗೆ, ೧೬ರಿಂದ ೧೮ ವರ್ಷದ ಹುಡುಗನಿಗೆ ದಿನಕ್ಕೆ ೫೫ ಗ್ರಾಂ, ಅದೇ ವಯಸ್ಸಿನ ಹುಡುಗಿಗೆ ೪೬ ಗ್ರಾಂ ಸಸಾರಜನಕವು, ಅಂದರೆ ಜನರು ಪ್ರೋಟೀನೆಂದು ಹೇಳುವ ವಸ್ತುವು, ಬೇಕು. ಸುಣ್ಣದ ಅಂಶವು ಇಬ್ಬರಿಗೂ ೧,೦೫೦ ಮಿಲಿಗ್ರಾಂ ಬೇಕು. ಕಬ್ಬಿಣದ ಅಂಶವಾದರೋ ಹುಡುಗನಿಗೆ ೨೬ ಮಿಲಿಗ್ರಾಂ, ಹುಡುಗಿಗೆ ೩೨ ಮಿಲಿಗ್ರಾಂ.

ಈ ಕೊನೆಯ ಅಂಕಿಯನ್ನು ಯಜಮಾನರು ವಿಶೇಷವಾಗಿ ಗಮನಿಸತಕ್ಕದ್ದು. ಮಗನು ಹೆಚ್ಚು ಉಣ್ಣುತ್ತಾನೆ, ಮಗಳಿಗೆ ಸ್ವಲ್ಪ ಸಾಕು ಎಂಬ ಮಾತು ಕಬ್ಬಿಣದ ವಿಷಯದಲ್ಲಿ ಪೂರ್ತಿಯಾಗಿ ತಲೆಕೆಳಗು. ಪ್ರತಿ ತಿಂಗಳೂ ರಕ್ತಸ್ರಾವವಾಗುವುದರಿಂದ ಹುಡುಗಿಗೆ ಕಬ್ಬಿಣವು ಹುಡುಗನಿಗಿಂತ ಹೆಚ್ಚಾಗಿಯೇ ಬೇಕು. ೨೦೧೯–೨೧ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ೧೫ರಿಂದ ೪೯ ವರ್ಷದ ಹೆಂಗಸರ ಪೈಕಿ ದೇಶದಲ್ಲಿ ನೂರಕ್ಕೆ ೫೭ ಮಂದಿಯೂ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು ೪೮ ಮಂದಿಯೂ ರಕ್ತಹೀನತೆಯುಳ್ಳವರೆಂದು ಕಂಡುಬಂದಿದೆ. ರಕ್ತ ಕಡಿಮೆಯಾದವರಿಗೆ ಆಯಾಸ, ತಲೆಸುತ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಪುಸ್ತಕ ಹಿಡಿದರೆ ಮನಸ್ಸು ನಿಲ್ಲದಿರುವುದು ಮೊದಲಾದ ಲಕ್ಷಣಗಳು ತೋರುತ್ತವೆ. ಇದನ್ನು ಸೋಮಾರಿತನವೆಂದೋ ಓದಿನಲ್ಲಿ ಆಸಕ್ತಿಯಿಲ್ಲವೆಂದೋ ಭಾವಿಸಿ ಮಗಳನ್ನು ಕಾಲೇಜು ಬಿಡಿಸುವುದು ಅನ್ಯಾಯ. ಇಂತಹ ಲಕ್ಷಣಗಳಿದ್ದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿಸಿ, ವೈದ್ಯರು ಕಬ್ಬಿಣದ ಗುಳಿಗೆಗಳನ್ನು ಕೊಟ್ಟರೆ ತಪ್ಪದೆ ಸೇವಿಸಬೇಕು. ಬುತ್ತಿಯು ಔಷಧಕ್ಕೆ ಬದಲಲ್ಲ.

ಹೊಲದ ಧಾನ್ಯಗಳಲ್ಲಿರುವ ಸತ್ವ

ನೂರು ಗ್ರಾಂ ರಾಗಿಯಲ್ಲಿ ಸುಣ್ಣದ ಅಂಶವು ಸುಮಾರು ೩೫೦ ಮಿಲಿಗ್ರಾಂ ಇದ್ದರೆ, ಅಷ್ಟೇ ಬಿಳಿ ಅಕ್ಕಿಯಲ್ಲಿ ೧೦ ಮಿಲಿಗ್ರಾಂ ಸಹ ಬಹಳವಾಯಿತು. ಮೂಳೆಯು ಬಲಿಯುವ ವಯಸ್ಸಿನ ಮಕ್ಕಳು ರಾಗಿಯನ್ನು ಬಿಟ್ಟು ಬರಿಯ ಅನ್ನಕ್ಕೆ ತಿರುಗಿದಾಗ ಕಳೆದುಕೊಳ್ಳುವುದೇನೆಂಬುದು ಇದರಿಂದ ತಿಳಿಯುತ್ತದೆ. ಹುರುಳಿಯಲ್ಲಿ ನೂರಕ್ಕೆ ಸುಮಾರು ೨೨ ಪಾಲು ಸಸಾರಜನಕವೂ, ಸಾಕಷ್ಟು ಸುಣ್ಣ, ಕಬ್ಬಿಣಗಳೂ ಉಂಟು. ಎತ್ತುಗಳಿಗೆ ಬೇಯಿಸಿ ಹಾಕುವ ಕಾಳೆಂದು ಅದನ್ನು ಕೀಳಾಗಿ ಕಾಣುವುದು ತರವಲ್ಲ. ಎತ್ತಿಗೆ ಬಲ ಕೊಟ್ಟ ಕಾಳು ಮಕ್ಕಳಿಗೂ ಬಲ ಕೊಡುತ್ತದೆ. ಕಡಲೆಕಾಯಿ ಬೀಜದಲ್ಲಿ ನೂರಕ್ಕೆ ೨೪ ಪಾಲಿನಷ್ಟು ಸಸಾರಜನಕವೂ, ಸುಮಾರು ೪೦ ಪಾಲು ಎಣ್ಣೆಯೂ ಇರುತ್ತವೆ.

ಧಾನ್ಯವನ್ನೂ ಕಾಳನ್ನೂ ಒಟ್ಟಿಗೆ ತಿನ್ನುವುದರಿಂದ ಮತ್ತೊಂದು ಲಾಭವಿದೆ. ಸಸಾರಜನಕವು ಹಲವು ಘಟಕಗಳಿಂದಾದ ವಸ್ತು. ಅವುಗಳಲ್ಲಿ ಲೈಸೀನ್ ಎಂಬುದು ಧಾನ್ಯಗಳಲ್ಲಿ ಕಡಿಮೆ, ಕಾಳುಗಳಲ್ಲಿ ಹೆಚ್ಚು. ಮೆಥಿಯೊನೀನ್ ಎಂಬುದು ಕಾಳುಗಳಲ್ಲಿ ಕಡಿಮೆ, ರಾಗಿಯಲ್ಲಿ ಚೆನ್ನಾಗಿ ಉಂಟು. ಎರಡೂ ಕೂಡಿದಾಗ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಮುದ್ದೆಗೆ ಕಾಳಿನ ಸಾರನ್ನು ಜೊತೆಮಾಡಿದ ಹಿರಿಯರ ರೂಢಿಯು ಈ ಶಾಸ್ತ್ರಕ್ಕೆ ಸರಿಯಾಗಿಯೇ ಇದೆ. ಮೈಸೂರಿನಲ್ಲಿ ೧೯೫೦ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಸಹ, ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಸೇರಿಸಿ ಬಡಮಕ್ಕಳಿಗಾಗಿ ಪುಷ್ಟಿಕರವಾದ ಆಹಾರವೊಂದನ್ನು ಸಿದ್ಧಪಡಿಸಿದ್ದರು.

ಬುತ್ತಿಯ ಪದಾರ್ಥಗಳು

ಬಹಳ ನಿಲಯಗಳಲ್ಲಿ ಕೊಠಡಿಯೊಳಗೆ ವಿದ್ಯುತ್ ಒಲೆ, ಗ್ಯಾಸಿನ ಒಲೆಗಳನ್ನು ಇಡುವುದು ನಿಷೇಧ. ಬೆಂಕಿಯ ಅಪಾಯದ ಕಾರಣ ಈ ನಿಯಮವು ಯುಕ್ತವೇ ಆಗಿದೆ, ಅದನ್ನು ಮೀರತಕ್ಕದ್ದಲ್ಲ. ಆದ್ದರಿಂದ ಒಲೆಯಿಲ್ಲದೆ ತಿನ್ನಬಹುದಾದ ಪದಾರ್ಥಗಳನ್ನೇ ಮೊದಲು ಹೇಳಲಾಗಿದೆ.

೧. ರಾಗಿಯ ಹುರಿಹಿಟ್ಟು: ಗಾಡಿ ಕಟ್ಟಿಕೊಂಡು ದೂರ ಹೋಗುವವರು ಹಿಂದೆ ಬುತ್ತಿಗೆ ಒಯ್ಯುತ್ತಿದ್ದುದು ಇದನ್ನೇ. ಹಸನುಮಾಡಿದ ರಾಗಿಯ ಮೇಲೆ ನೀರನ್ನೂ ಸ್ವಲ್ಪ ಮಜ್ಜಿಗೆಯನ್ನೂ ಚಿಮುಕಿಸಿ, ಕಾಳೆಲ್ಲ ಒಂದೇ ಸಮನಾಗಿ ತೇವವಾಗುವಂತೆ ಕಲಸಿ, ಬಟ್ಟೆ ಮುಚ್ಚಿ ನಾಲ್ಕಾರು ಗಂಟೆಗಳ ಕಾಲ ಬಿಡಬೇಕು. ಅನಂತರ ಚೆನ್ನಾಗಿ ಕಾದ ಶುಭ್ರವಾದ ಮರಳಿನಲ್ಲಿ ಹಿಡಿ ಹಿಡಿಯಾಗಿ ಹಾಕಿ ಹುರಿದರೆ ರಾಗಿಯು ಮಲ್ಲಿಗೆಯ ಮೊಗ್ಗಿನಂತೆ ಅರಳುತ್ತದೆ. ಅರಳನ್ನು ಸಣ್ಣ ಜರಡಿಯಲ್ಲಿ ಎರಡು ಮೂರು ಸಾರಿ ಆಡಿಸಿ, ಮರಳಿನ ಕಣವೊಂದೂ ಉಳಿಯದಂತೆ ಮಾಡಿ, ಗಿರಣಿಯಲ್ಲಿ ಬೀಸಿಸಬೇಕು. ಈ ಹಿಟ್ಟು ಮೂರು ಪಾಲಿಗೆ ಹುರಿಗಡಲೆಯ ಹಿಟ್ಟನ್ನು ಒಂದು ಪಾಲು ಬೆರೆಸಿದರೆ ಇನ್ನೂ ಉತ್ತಮ. ಹಿಟ್ಟು ಈ ಮೊದಲೇ ಹುರಿದು ಪಕ್ವವಾಗಿರುವುದರಿಂದ ಬೇಯಿಸಬೇಕಾದುದಿಲ್ಲ. ಹಾಲು, ಮಜ್ಜಿಗೆ ಅಥವಾ ಕುದಿಸಿ ಆರಿಸಿದ ನೀರಿನಲ್ಲಿ ಬೆಲ್ಲದೊಡನೆ ಕಲಸಿ ತಿನ್ನಬಹುದು. ಈರುಳ್ಳಿ, ಉಪ್ಪು, ಮಜ್ಜಿಗೆ ಸೇರಿಸಿ ಖಾರವಾಗಿಯೂ ಮಾಡಿಕೊಳ್ಳಬಹುದು.

೨. ಹುರಿಗಾಳು: ಹುರುಳಿ, ಹೆಸರು, ಕಡಲೆ, ಅವರೆಗಳನ್ನು ಒಂದು ರಾತ್ರಿ ನೆನೆಯಿಸಿ, ಬಸಿದು, ನೆರಳಿನಲ್ಲಿ ಆರಿಸಿ, ಗರಿಗರಿಯಾಗುವ ತನಕ ಹುರಿದು ಉಪ್ಪು ಖಾರ ಸವರಬೇಕು. ನೆನೆಯಿಸದೆ ಹುರಿದ ಹುರುಳಿಯು ಹಲ್ಲಿಗೆ ಕಲ್ಲಾಗುತ್ತದೆ. ಕಾಳುಗಳನ್ನು ಒಳಗೂ ಬೇಯುವಂತೆ ಹುರಿಯುವುದು ಅಗತ್ಯ. ಅವರೆ ಮುಂತಾದವುಗಳನ್ನು ಹಸಿಯಾಗಿ ತಿನ್ನುವುದು ಹೊಟ್ಟೆಗೆ ಕೆಡುಕು.

೩. ಕಡಲೆಕಾಯಿ ಬೀಜ: ಹುರಿದ ಬೀಜವನ್ನು ಹಾಗೆಯೇ ಕಳುಹಿಸಬಹುದು, ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿಯೂ ಕಳುಹಿಸಬಹುದು. ಎಳ್ಳುಂಡೆ, ತಂಬಿಟ್ಟುಗಳೂ ಇದೇ ವರ್ಗಕ್ಕೆ ಸೇರಿದವು. ಬೆಲ್ಲವು ಮಂಡ್ಯದ ಸೀಮೆಯಲ್ಲಿ ಹೇರಳವಾಗಿ ದೊರೆಯುತ್ತದೆಂದು ಅದನ್ನೇ ಪುಷ್ಟಿಯೆಂದು ತಿಳಿಯಬಾರದು. ಅದು ರುಚಿಗೂ ಒಡನೆಯ ಶಕ್ತಿಗೂ ಮಾತ್ರ; ದಿನಕ್ಕೆ ಒಂದು ಸಣ್ಣ ಅಚ್ಚಿನಷ್ಟು ಸಾಕು. ಕಣ್ಣು ಕುಕ್ಕುವಂತಹ ಹಳದಿ ಬಣ್ಣದ ಬೆಲ್ಲಕ್ಕಿಂತ ರಾಸಾಯನಿಕವಿಲ್ಲದೆ ತಯಾರಾದ ಕಂದು ಬೆಲ್ಲವು ಮೇಲು.

೪. ಚಟ್ನಿಪುಡಿಗಳು: ಹುಚ್ಚೆಳ್ಳು, ಹುರುಳಿ, ಕಡಲೆಕಾಯಿಗಳ ಚಟ್ನಿಪುಡಿಗಳು ನಿಲಯದ ಸಪ್ಪೆ ಅನ್ನಕ್ಕೆ ರುಚಿಯನ್ನೂ ಸತ್ವವನ್ನೂ ಕೊಡುತ್ತವೆ. ಹಿತ್ತಲಿನ ನುಗ್ಗೆಸೊಪ್ಪನ್ನೂ ಕರಿಬೇವನ್ನೂ ನೆರಳಿನಲ್ಲಿ ಒಣಗಿಸಿ ಪುಡಿಗೆ ಬೆರೆಸಿದರೆ ಸೊಪ್ಪಿನ ಕೊರತೆಯು ಸ್ವಲ್ಪಮಟ್ಟಿಗೆ ನೀಗುತ್ತದೆ.

೫. ಅವಲಕ್ಕಿ: ತೆಳು ಅವಲಕ್ಕಿಯನ್ನು ತೊಳೆದು ಮೊಸರಿನಲ್ಲಿ ಕಲಸಿ, ಒಂದು ಹಿಡಿ ಕಡಲೆಕಾಯಿ ಬೀಜವನ್ನು ಸೇರಿಸಿದರೆ ಐದು ನಿಮಿಷದಲ್ಲಿ ಉಪಾಹಾರವಾಗುತ್ತದೆ.

೬. ಮೊಳಕೆ ಹೆಸರುಕಾಳು: ರಾತ್ರಿ ನೆನೆಯಿಸಿದ ಹೆಸರುಕಾಳನ್ನು ಬೆಳಿಗ್ಗೆ ಶುಭ್ರವಾದ ಬಟ್ಟೆಯಲ್ಲಿ ಕಟ್ಟಿ, ದಿನಕ್ಕೆರಡು ಸಾರಿ ನೀರಿನಲ್ಲಿ ಜಾಲಿಸಿದರೆ ಮರುದಿನಕ್ಕೆ ಮೊಳಕೆ ಬರುತ್ತದೆ. ಮೊಳಕೆಯಲ್ಲಿ ‘ಸಿ’ ಜೀವಸತ್ವವು ಹೊಸದಾಗಿ ಹುಟ್ಟುತ್ತದೆ. ತೇವದಲ್ಲಿ ರೋಗಾಣುಗಳೂ ಬೆಳೆಯುವ ಸಂಭವವಿರುವುದರಿಂದ, ತಿನ್ನುವ ಮುಂಚೆ ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಮುಳುಗಿಸಿ ಬಸಿಯತಕ್ಕದ್ದು.

ದಿನದ ಕ್ರಮ

ನಿಲಯದ ಎರಡು ಹೊತ್ತಿನ ಬಿಸಿ ಊಟವನ್ನು ಬಿಡತಕ್ಕದ್ದಲ್ಲ. ಬುತ್ತಿಯು ಅದಕ್ಕೆ ಆಸರೆ. ಬೆಳಿಗ್ಗೆ ತರಗತಿಗೆ ಮುಂಚೆ ೫೦ ಗ್ರಾಂ ಹುರಿಹಿಟ್ಟು. ಮಧ್ಯಾಹ್ನದ ಅನ್ನಕ್ಕೆ ಒಂದೆರಡು ಚಮಚ ಚಟ್ನಿಪುಡಿ. ಸಾಯಂಕಾಲ ಬೇಕರಿಗೆ ಬದಲಾಗಿ ೫೦ ಗ್ರಾಂ ಹುರಿಗಾಳು, ೩೦ ಗ್ರಾಂ ಕಡಲೆಕಾಯಿ ಬೀಜ. ಇಷ್ಟರಿಂದಲೇ ದಿನಕ್ಕೆ ಸುಮಾರು ೨೧ ಗ್ರಾಂ ಸಸಾರಜನಕವೂ, ೪೮೦ ಕ್ಯಾಲರಿಯಷ್ಟು ಶಕ್ತಿಯೂ ದೊರೆಯುತ್ತವೆ. ಹುರಿಗಾಳಿನಲ್ಲಿ ಹುರುಳಿಯೇ ಹೆಚ್ಚಾಗಿದ್ದರೆ ೩೦೦ ಮಿಲಿಗ್ರಾಂ ಸುಣ್ಣವೂ, ಸುಮಾರು ೭ ಮಿಲಿಗ್ರಾಂ ಕಬ್ಬಿಣವೂ ಸೇರುತ್ತವೆ. ಹುಡುಗಿಗೆ ಬೇಕಾದ ಸಸಾರಜನಕದಲ್ಲಿ ಇದು ಹೆಚ್ಚುಕಡಿಮೆ ಅರ್ಧ; ಹುಡುಗನಿಗೆ ಬೇಕಾದುದರಲ್ಲಿ ಐದನೆಯ ಎರಡು ಪಾಲು.

ಬೇಕರಿಯಲ್ಲಿ ಉಳಿದ ಹಣವನ್ನು ಹಾಲು, ಮೊಸರು, ಮೊಟ್ಟೆ, ಹಣ್ಣುಗಳಿಗೆ ವಿನಿಯೋಗಿಸಬೇಕು. ಒಂದು ಕೋಳಿಮೊಟ್ಟೆಯಲ್ಲಿ ಸುಮಾರು ೬ ಗ್ರಾಂ ಸಸಾರಜನಕವಿದೆ. ಮಾಂಸ, ಮೊಟ್ಟೆಗಳನ್ನು ತಿನ್ನದವರಿಗೆ ಹಾಲು ಮೊಸರುಗಳು ಅವಶ್ಯ; ಏಕೆಂದರೆ ‘ಬಿ ೧೨’ ಎಂಬ ಜೀವಸತ್ವವು ಧಾನ್ಯ, ಕಾಳು, ಸೊಪ್ಪುಗಳಲ್ಲಿ ದೊರೆಯುವುದಿಲ್ಲ. ಸೀಬೆಹಣ್ಣು, ನೆಲ್ಲಿಕಾಯಿ, ನಿಂಬೆಹಣ್ಣುಗಳಲ್ಲಿರುವ ‘ಸಿ’ ಜೀವಸತ್ವವು ಧಾನ್ಯದ ಕಬ್ಬಿಣವು ರಕ್ತಗತವಾಗಲು ಸಹಾಯಮಾಡುತ್ತದೆ. ಕಾಫಿ ಟೀಗಳು ಇದಕ್ಕೆ ಅಡ್ಡಿಮಾಡುತ್ತವೆ. ಆದುದರಿಂದ ಊಟಕ್ಕೆ ಒಂದು ಗಂಟೆ ಹಿಂದೆ ಮುಂದೆ ಟೀ ಕುಡಿಯದಿರುವುದೂ, ಊಟದಲ್ಲಿ ಅರ್ಧ ನಿಂಬೆಯನ್ನು ಹಿಂಡಿಕೊಳ್ಳುವುದೂ ಖರ್ಚಿಲ್ಲದ ಉಪಾಯಗಳು.

ಕೊಠಡಿ ಮಾಡಿಕೊಂಡಿರುವವರಿಗೆ

ಒಲೆಯ ಸೌಕರ್ಯವಿದ್ದು ಕೈಯಡಿಗೆ ಮಾಡಿಕೊಳ್ಳುವವರಿಗೆ ಈ ಸೀಮೆಯ ಉಪ್ಸಾರಿಗಿಂತ ಅನುಕೂಲವಾದುದಿಲ್ಲ. ರಾತ್ರಿ ನೆನೆಯಿಸಿದ ಕಾಳನ್ನು ಕುಕ್ಕರಿನಲ್ಲಿ ಬೇಯಿಸಿ, ಸೊಪ್ಪನ್ನೂ ಉಪ್ಪನ್ನೂ ಹಾಕಿ ಮತ್ತೆ ಒಂದು ಕುದಿ ಬರಿಸಿ ಬಸಿದರೆ, ಬಸಿದ ನೀರೇ ಸಾರು, ಉಳಿದದ್ದೇ ಪಲ್ಯ. ಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆಗಳನ್ನು ಅರೆದ ಖಾರವನ್ನು ಮನೆಯಿಂದಲೇ ಸಿದ್ಧಪಡಿಸಿ ಕಳುಹಿಸಿದರೆ ಕೆಲಸ ಇನ್ನೂ ಹಗುರ. ಬೇಯಿಸಿದ ನೀರನ್ನು ಚೆಲ್ಲದಿರುವುದರಿಂದ ಅದರಲ್ಲಿ ಕರಗಿದ ಸತ್ವವು ವ್ಯರ್ಥವಾಗುವುದಿಲ್ಲ. ಮುದ್ದೆ ಕಟ್ಟಲು ಬಾರದವರು ರಾಗಿಯ ಅಂಬಲಿಯನ್ನು ಕಾಯಿಸಿ ಮಜ್ಜಿಗೆ ಬೆರೆಸಿ ಕುಡಿಯಬಹುದು. ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿದ ರಾಗಿಯ ಹಿಟ್ಟಾದರೆ ಅಂಬಲಿಯು ತೆಳುವಾಗಿ, ಬೇಗನೆ ಜೀರ್ಣವಾಗುತ್ತದೆ. ಆದರೆ ಈ ಹಿಟ್ಟನ್ನು ಹುರಿಹಿಟ್ಟಿನಂತೆ ಹಾಗೆಯೇ ಕಲಸಿ ತಿನ್ನದೆ ಕುದಿಸಿಯೇ ಸೇವಿಸಬೇಕು. ನಾಲ್ವರು ಕೂಡಿದ್ದಲ್ಲಿ ಅಡಿಗೆಯ ಸರದಿಯನ್ನು ಹಂಚಿಕೊಂಡರೆ ಒಬ್ಬೊಬ್ಬನ ಪಾಲಿಗೆ ವಾರದಲ್ಲಿ ಎರಡು ದಿನಗಳೂ ಬರುವುದಿಲ್ಲ. ಈ ಸರದಿಯಿಂದ ಗಂಡುಮಕ್ಕಳೂ ಅಡಿಗೆ ಕಲಿಯುವುದು ಮತ್ತೊಂದು ಪ್ರಯೋಜನ.

ಕೆಡದಂತೆ ಇಡುವ ಕ್ರಮ

ಬುತ್ತಿಯು ಕೆಡುವುದಕ್ಕೆ ತೇವವೇ ಮೂಲ ಕಾರಣ. ಹುರಿದದ್ದನ್ನು ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಬೇಕು. ಬಿಸಿಯಾಗಿರುವಾಗ ಮುಚ್ಚಿದರೆ ಒಳಗೆ ನೀರಿಳಿದು ಬೂಷ್ಟು ಹಿಡಿಯುತ್ತದೆ. ಬಿಗಿಯಾದ ಮುಚ್ಚಳದ ಡಬ್ಬಿ, ಒಣಗಿದ ಚಮಚ, ಇವೆರಡನ್ನೂ ಬುತ್ತಿಯೊಡನೆ ಕಳುಹಿಸಬೇಕು. ಎಣ್ಣೆಯ ಅಂಶವುಳ್ಳ ಚಟ್ನಿಪುಡಿ, ಕಡಲೆಕಾಯಿ ಉಂಡೆಗಳು ಬಹಳ ದಿನವಿಟ್ಟರೆ ಕಮಟುತ್ತವೆ. ಆದಕಾರಣ ಒಂದು ತಿಂಗಳಿಗೆ ಸಾಕಾಗುವಷ್ಟನ್ನು ಮಾತ್ರ ಮಾಡತಕ್ಕದ್ದು.

ಕಡಲೆಕಾಯಿಯ ವಿಷಯದಲ್ಲಿ ವಿಶೇಷವಾದ ಎಚ್ಚರಿಕೆ ಬೇಕು. ಕಿತ್ತ ಕಾಯನ್ನು, ಅಲುಗಾಡಿಸಿದರೆ ಒಳಗಿನ ಬೀಜವು ಗಲಗಲನೆ ಸದ್ದುಮಾಡುವಷ್ಟು ಒಣಗಿಸದಿದ್ದರೆ ಅದರ ಮೇಲೆ ಒಂದು ಬಗೆಯ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. ಇದು ಪಿತ್ತಜನಕಾಂಗಕ್ಕೆ ಹಾನಿಕರ. ಹುರಿಯುವುದರಿಂದ ಈ ವಿಷವು ಪೂರ್ತಿಯಾಗಿ ಹೋಗುವುದಿಲ್ಲ. ಸುರುಟಿದ, ಬಣ್ಣಗೆಟ್ಟ, ಕಹಿಯಾದ ಬೀಜಗಳನ್ನು ಆರಿಸಿ ಎಸೆಯಬೇಕು, ದನಕರುಗಳಿಗೂ ಹಾಕಬಾರದು. ಒಳ್ಳೆಯ ಬೀಜವನ್ನು ಮಾರಿ ಜೊಳ್ಳನ್ನು ಮನೆಗೆ ಉಳಿಸಿಕೊಳ್ಳುವ ಅಭ್ಯಾಸವು ಇಲ್ಲಿ ಬಹಳ ಅಪಾಯಕರ.

ಎಷ್ಟು ಭೂಮಿ ಬೇಕಾಗುತ್ತದೆ

ಕಾಲೇಜಿನ ವರ್ಷವನ್ನು ೧೦ ತಿಂಗಳೆಂದು, ಅಂದರೆ ೩೦೦ ದಿನಗಳೆಂದು ಇಟ್ಟುಕೊಂಡರೆ, ಒಬ್ಬ ವಿದ್ಯಾರ್ಥಿಗೆ ಹುರಿಹಿಟ್ಟು ೧೫ ಕಿಲೋ, ಕಾಳು ೧೫ ಕಿಲೋ, ಕಡಲೆಕಾಯಿ ಬೀಜ ೯ ಕಿಲೋ ಬೇಕಾಗುತ್ತವೆ. ಎಕರೆಗೆ ೮ ಕ್ವಿಂಟಾಲು ರಾಗಿ ಬಂದರೆ ಒಂದು ಗುಂಟೆಗೆ ೨೦ ಕಿಲೋ ಆಯಿತು. ಹುರಿಯುವಾಗ, ಜರಡಿಯಾಡಿಸುವಾಗ ಕಳೆದುಹೋಗುವುದನ್ನು ಬಿಟ್ಟರೂ ಒಂದು ಗುಂಟೆಯ ರಾಗಿಯು ಸಾಕು. ಎಕರೆಗೆ ಎರಡೂವರೆ ಕ್ವಿಂಟಾಲು ಹುರುಳಿ ಬಂದರೆ ೧೫ ಕಿಲೋ ಕಾಳಿಗೆ ಎರಡೂವರೆ ಗುಂಟೆ ಬೇಕು. ಎಕರೆಗೆ ೫ ಕ್ವಿಂಟಾಲು ಕಡಲೆಕಾಯಿ ಬಂದು, ನೂರು ಕಿಲೋ ಕಾಯಿಗೆ ೭೦ ಕಿಲೋ ಬೀಜವಿಳಿದರೆ, ೯ ಕಿಲೋ ಬೀಜಕ್ಕೆ ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು. ಒಟ್ಟಿನಲ್ಲಿ ಐದು ಗುಂಟೆ, ಎಂದರೆ ಎಕರೆಯ ಎಂಟನೆಯ ಒಂದು ಪಾಲು. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳಾಗಿ ಅವರೆ, ಹುಚ್ಚೆಳ್ಳುಗಳನ್ನು ಹಾಕುವ ಹಳೆಯ ಪದ್ಧತಿಯನ್ನು ಬಿಡದಿದ್ದವರಿಗೆ ಇಷ್ಟು ಭೂಮಿಯೂ ಬೇಡ. ಈ ಧಾನ್ಯಗಳ ಬೆಲೆಯನ್ನು ತಮ್ಮ ಸಂತೆಯ ದರದಲ್ಲಿ ಲೆಕ್ಕಹಾಕಿ, ಮಗನು ಬೇಕರಿಯಲ್ಲಿ ವರ್ಷಕ್ಕೆ ಖರ್ಚುಮಾಡುವ ಹಣದೊಡನೆ ಹೋಲಿಸಿ ನೋಡಿದರೆ ಯಾವುದು ಲಾಭವೆಂಬುದು ಯಜಮಾನರಿಗೆ ತಾನಾಗಿಯೇ ತಿಳಿಯುವುದು.

ಕೆಲವು ಆಕ್ಷೇಪಣೆಗಳು

ಹಳ್ಳಿಯ ತಿಂಡಿಯನ್ನು ಜೊತೆಯವರ ಮುಂದೆ ಬಿಚ್ಚಲು ಮಕ್ಕಳು ನಾಚುತ್ತಾರೆಂದು ಕೆಲವರು ಹೇಳುವರು. ಈ ನಾಚಿಕೆಯು ಬಹುಮಟ್ಟಿಗೆ ಹಿರಿಯರಿಂದಲೇ ಬಂದದ್ದು. ಅನುಕೂಲವಾದೊಡನೆ ರಾಗಿಯನ್ನು ಬಿಟ್ಟು ಅನ್ನಕ್ಕೆ ತಿರುಗುವುದೇ ದೊಡ್ಡಸ್ತಿಕೆಯೆಂದು ಮನೆಯಲ್ಲಿ ಕಂಡ ಮಕ್ಕಳು ಪಟ್ಟಣದಲ್ಲಿ ಬೇರೆ ರೀತಿ ನಡೆದಾರೆಯೇ? ಈಗ ಕಾಲವು ಬದಲಾಗಿದೆ. ವಿಶ್ವಸಂಸ್ಥೆಯು ೨೦೨೩ನೇ ವರ್ಷವನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ರಾಗಿಯ ತಿಂಡಿಗಳು ಬಣ್ಣದ ಪೊಟ್ಟಣಗಳಲ್ಲಿ ಅಧಿಕ ಬೆಲೆಗೆ ಮಾರಾಟವಾಗುತ್ತಿವೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ|| ಲಕ್ಷ್ಮಣಯ್ಯನವರು ಆಫ್ರಿಕದ ರಾಗಿಯೊಡನೆ ನಮ್ಮ ರಾಗಿಯನ್ನು ಸಂಕರಮಾಡಿ ಇಂಡಾಫ್ ತಳಿಗಳನ್ನು ನಾಡಿಗೆ ಕೊಟ್ಟು ರಾಗಿಯ ಇಳುವರಿಯನ್ನು 크게 ಹೆಚ್ಚಿಸಿದರು. ಅಂತಹ ರಾಗಿಯ ತವರಿನ ಮಕ್ಕಳು ರಾಗಿಗೆ ನಾಚಬೇಕಾದ ಕಾರಣವಿಲ್ಲ.

ಇಷ್ಟನ್ನೆಲ್ಲ ಮಾಡಲು ಮನೆಯ ಹೆಂಗಸರಿಗೆ ಪುರುಸೊತ್ತಿಲ್ಲವೆಂಬುದು ಎರಡನೆಯ ಆಕ್ಷೇಪಣೆ. ಇದು ನಿಜ. ಹೊಲದ ಕೆಲಸ, ದನಗಳ ಕೆಲಸ, ಒಲೆಯ ಕೆಲಸಗಳ ಮೇಲೆ ಇದೊಂದು ಹೊರೆಯಾಗಬಾರದು. ಆದುದರಿಂದಲೇ ಈ ಕೆಲಸವನ್ನು ಮನೆಮನೆಯವರು ಬೇರೆಬೇರೆಯಾಗಿ ಮಾಡುವುದಕ್ಕಿಂತ ಗ್ರಾಮದವರು ಕೂಡಿ ಮಾಡುವುದು ಮೇಲು.

ಗ್ರಾಮದ ಮುಖಂಡರು ಮಾಡಬಹುದಾದ ಕಾರ್ಯ

ಮೊದಲನೆಯದಾಗಿ, ತಮ್ಮ ಗ್ರಾಮದಿಂದ ಹೊರಗೆ ಹೋಗಿ ಓದುತ್ತಿರುವ ಗಂಡು ಹೆಣ್ಣು ಮಕ್ಕಳೆಲ್ಲರ ಪಟ್ಟಿಯನ್ನು ತಯಾರಿಸಬೇಕು. ಯಾರು ಯಾವ ಊರಿನಲ್ಲಿ, ಯಾವ ನಿಲಯದಲ್ಲಿದ್ದಾರೆಂಬುದು ತಿಳಿದರೆ, ಒಂದೇ ಪಟ್ಟಣದಲ್ಲಿರುವವರಿಗೆ ತಿಂಗಳಿಗೊಮ್ಮೆ ಒಟ್ಟಾಗಿ ಬುತ್ತಿಯನ್ನು ತಲಪಿಸಬಹುದು.

ಎರಡನೆಯದಾಗಿ, ಗ್ರಾಮದ ಸ್ತ್ರೀಶಕ್ತಿ ಸಂಘದವರಿಗೆ ಧಾನ್ಯವನ್ನೂ ತಕ್ಕ ಕೂಲಿಯನ್ನೂ ಕೊಟ್ಟು ಹುರಿಹಿಟ್ಟು, ಹುರಿಗಾಳು, ಚಟ್ನಿಪುಡಿಗಳನ್ನು ಒಂದೆಡೆ ತಯಾರಿಸಿಸಬಹುದು. ಇದರಿಂದ ಮನೆಯವರ ಶ್ರಮವು ಕಡಿಮೆಯಾಗಿ, ಸಂಘದವರಿಗೂ ಸಂಪಾದನೆಯಾಗುತ್ತದೆ.

ಮೂರನೆಯದು ಎಲ್ಲಕ್ಕಿಂತಲೂ ಮುಖ್ಯವಾದುದು. ಪಟ್ಟಿಯಲ್ಲಿ ಭೂಮಿಯಿಲ್ಲದ ಕೂಲಿಕಾರರ ಮಕ್ಕಳೂ ಇರುತ್ತಾರೆ. ಮೇಲೆ ಹೇಳಿದ ಐದು ಗುಂಟೆಯ ಲೆಕ್ಕವು ಅವರಿಗೆ ಅನ್ವಯಿಸುವುದಿಲ್ಲ; ಬುತ್ತಿ ಕಟ್ಟಲು ಅವರ ಮನೆಯಲ್ಲಿ ರಾಶಿಯೇ ಇಲ್ಲ. ಹಿಂದಿನ ಕಾಲದಲ್ಲಿ ಕಣದ ರಾಶಿಯಿಂದ ಬಡಗಿ, ಕಮ್ಮಾರ, ಅಗಸ ಮುಂತಾದ ಆಯಗಾರರಿಗೆ ಇಷ್ಟಿಷ್ಟೆಂದು ಅಳೆದುಕೊಟ್ಟ ತರುವಾಯವೇ ಉಳಿದದ್ದು ಮನೆಗೆ ಹೋಗುತ್ತಿತ್ತು. ಆ ಪದ್ಧತಿಯು ಈಗ ಬಹುಮಟ್ಟಿಗೆ ನಿಂತಿದೆ. ಅದೇ ರೀತಿಯಲ್ಲಿ, ಪ್ರತಿಯೊಬ್ಬ ಜಮೀನುದಾರರೂ ರಾಶಿ ಅಳೆಯುವಾಗ ಓದುವ ಮಕ್ಕಳಿಗೆಂದು ಒಂದು ಕೊಳಗ ರಾಗಿಯನ್ನೂ ಒಂದೆರಡು ಸೇರು ಕಾಳನ್ನೂ ತೆಗೆದಿಟ್ಟರೆ, ಗ್ರಾಮದ ಯಾವ ಬಡ ವಿದ್ಯಾರ್ಥಿಯೂ ಬುತ್ತಿಯಿಲ್ಲದೆ ಹೋಗಬೇಕಾಗುವುದಿಲ್ಲ. ಇದನ್ನು ದಾನವೆಂದು ಸಾರದೆ, ಎಲ್ಲರ ಬುತ್ತಿಯನ್ನೂ ಒಂದೇ ಬಗೆಯ ಡಬ್ಬಿಗಳಲ್ಲಿ ತುಂಬಿ ಕಳುಹಿಸುವುದು ಉಚಿತ. ಪಡೆಯುವ ಮಗುವಿನ ಮಾನವೂ ಉಳಿಯಬೇಕು.

ನಾಲ್ಕನೆಯದಾಗಿ, ನಿಲಯಗಳ ಮೇಲ್ವಿಚಾರಕರನ್ನು ಕಂಡು, ವಾರಕ್ಕೆ ಕೆಲವು ದಿನವಾದರೂ ಮುದ್ದೆ, ಕಾಳಿನ ಸಾರು, ಸೊಪ್ಪಿನ ಪಲ್ಯಗಳನ್ನು ಬಡಿಸುವಂತೆ ವಿನಯದಿಂದ ಕೇಳಿಕೊಳ್ಳಬಹುದು. ದೂರು ಹೇಳುವುದಕ್ಕಿಂತ, ಸುಗ್ಗಿಯ ಸಮಯದಲ್ಲಿ ಒಂದು ಮೂಟೆ ರಾಗಿಯನ್ನು ಜೊತೆಯಲ್ಲಿ ಕೊಂಡುಹೋಗಿ ಕೇಳುವುದು ಹೆಚ್ಚು ಫಲಕಾರಿ.

ಸಾರಾಂಶವೇನೆಂದರೆ: ನಿಲಯದ ಊಟವನ್ನು ಬಿಡಬಾರದು, ಅದೊಂದನ್ನೇ ನಂಬಿಯೂ ಇರಬಾರದು, ರಾಗಿ, ಕಾಳು, ಕಡಲೆಕಾಯಿಗಳನ್ನು ಮಾರುವ ಮುಂಚೆ ಓದುವ ಮಕ್ಕಳ ಪಾಲನ್ನು ಉತ್ತಮವಾದ ರಾಶಿಯಿಂದಲೇ ತೆಗೆದಿಡಬೇಕು, ಮಗಳ ಬುತ್ತಿಯು ಮಗನ ಬುತ್ತಿಗಿಂತ ಕಿರಿದಾಗಕೂಡದು, ಭೂಮಿಯಿಲ್ಲದವರ ಮಕ್ಕಳ ಪಾಲನ್ನು ಗ್ರಾಮವೇ ಹೊರಬೇಕು. ಬರುವ ಸುಗ್ಗಿಯಲ್ಲಿ ರಾಶಿಪೂಜೆಯಾಗಿ ಕೊಳಗವನ್ನು ಕೈಗೆತ್ತಿಕೊಂಡಾಗ, ಬಿತ್ತನೆಯ ಬೀಜವನ್ನು ಅಳೆದಿಟ್ಟ ಕೂಡಲೇ ಈ ಪಾಲನ್ನೂ ಅಳೆದಿಡುವುದು ಯುಕ್ತ.